ಪಿಕೆಟ್ ಸಾಹೇಬರ ಕೊನೆಯ ಬ್ಯಾಂಡು

ಏಪೆಕ್ಸ್, ನಾರ್ತ್ ಕೆರೊಲಿನಾ
18 ಆಗಸ್ಟ್ 1996

ಮೇರಿಲ್ಯಾಂಡಿನ ಕೊಲಂಬಿಯಾ ಪುರದಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಪೀಠವನ್ನು ಅಲಂಕರಿಸಿ, ಒಡಹುಟ್ಟಿದ ತಮ್ಮನ ಮೇಲೆ ಯುಗಾದಿಯಿಂದ ಮೌನವ್ರತ ಹಿಡಿದಿರುವ ಗಂಗಾಂಬಿಕಾ ಅಕ್ಕನವರ ಪಾದಗಳಿಗೆ, ಆ ಪಾದಗಳು ಒದೆಯಲಾರದಷ್ಟು ದೂರದಿಂದ, ಶರಣನ ನಮಸ್ಕಾರ.

ಫೋನ್ ಮಾಡಕೂಡದು ಎಂದು ನೀನು ಅಪ್ಪಣೆ ಮಾಡಿದ್ದೀಯ. "ಅವನ ಧ್ವನಿ ಕೇಳಿದ್ರೆ ನಗು ಬಂದ್ಬಿಡುತ್ತೆ, ಸಿಟ್ಟು ನಿಲ್ಲಲ್ಲ" ಎಂದು ಭಾವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಆದ್ದರಿಂದ ಈ ಕಾಗದ. ಕಾಗದಕ್ಕೆ ಧ್ವನಿಯಿಲ್ಲ, ನಿಶ್ಚಿಂತೆಯಿಂದ ಸಿಟ್ಟಾಗಿಯೇ ಓದು.

ಯುಗಾದಿ ಪ್ರಕರಣದಲ್ಲಿ ನನ್ನ ನಿಲುವು ಬದಲಾಗಿಲ್ಲ. ಅಧ್ಯಕ್ಷ ಸೋಮಲಿಂಗಪ್ಪ ಅಂಕಲ್ ಕನ್ನಡದ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಇನ್ನೂ ಕದಂಬರ ಹತ್ತಿರ ನಿಂತಿದ್ದಾಗ, ನಿರೂಪಕನಾದ ನಾನು ಮೈಕಿನಲ್ಲಿ "ಊಟ ಸಿದ್ಧವಾಗಿದೆ" ಎಂದು ಘೋಷಿಸಿದ್ದು ನಿಜ. ಸಭಾಂಗಣ ಖಾಲಿಯಾದದ್ದು ನಿಜ. ಊಟ ಸಿದ್ಧವಾಗಿರಲಿಲ್ಲ ಎಂಬುದೂ ನಿಜ. ಆದರೆ ಓಡಿದವರು ಅವರು, ಓಡಿಸಿದವನು ಮಾತ್ರ ಪಾಪಿ. ಇರಲಿ.

ಈಗ ವಿಷಯ. ನಾನು ಬಾಡಿಗೆಗಿರುವ ಮನೆಯ ಯಜಮಾನರ ಹೆಸರು ಎಮರಿ ಪಿಕೆಟ್. ವಯಸ್ಸು ಎಂಬತ್ತು ದಾಟಿದೆ, ಹೆಂಡತಿ ತೀರಿಕೊಂಡಿದ್ದಾರೆ. ಅವರ ಗ್ಯಾರೇಜಿನ ಮೇಲಿನ ಕೋಣೆ ನನ್ನದು. ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದ ಮುದುಕ ಎಂದಷ್ಟೇ ಅವರ ಬಗ್ಗೆ ನನಗೆ ಗೊತ್ತಿದ್ದದ್ದು. ಇಲ್ಲಿ ನಮ್ಮ ಶೇಷಾದ್ರಿ ಅಂಕಲ್ ಇದ್ದಾರಲ್ಲ, ಮೈಸೂರಿನವರು, ಮೃದಂಗ ನುಡಿಸುತ್ತಾರೆ, ಅವರ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವರು ಪೊಲೀಸರಿಗೆ ಫೋನ್ ಮಾಡುವ ಹಂತ ತಲುಪಿದ್ದರು. ಯಜಮಾನರನ್ನು ಕೇಳದೆ ನಾನು ಅಂಕಲ್ಲಿಗೆ ಗ್ಯಾರೇಜು ತೆರೆದುಕೊಟ್ಟೆ. ಯಾರಾದರೂ ಕೇಳಿದರೆ ಹಿಂದೂಗಳ ಶನಿವಾರದ ಕಡ್ಡಾಯ ವ್ರತ ಎಂದು ಹೇಳುವುದೆಂದು ತೀರ್ಮಾನಿಸಿದ್ದೆ.

ಅಂಕಲ್ ನುಡಿಸಲು ಶುರು ಮಾಡಿ ಸ್ವಲ್ಪ ಹೊತ್ತಿಗೆ ಪಿಕೆಟ್ ಕೋಲು ಊರಿಕೊಂಡು ಬಂದರು. ನಾನು ವ್ರತಕಥೆಗೆ ಬಾಯಿ ತೆರೆಯುವ ಮೊದಲೇ ಕೇಳಿದರು: "ಈ ಮನುಷ್ಯನನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ಆಮೇಲೆ ಒಳಗೆ ಹೋಗಿ ಒಂದು ಪಿಟೀಲು ತಂದರು. ಅಕ್ಕಾ, ಈ ಮುದುಕ ಅರವತ್ತು ವರ್ಷದ ಹಿಂದೆ ಟೆಕ್ಸಸ್ಸಿನಲ್ಲಿ ದೊಡ್ಡ ಬ್ಯಾಂಡಿನ ಯಜಮಾನ. ವೆಸ್ಟರ್ನ್ ಸ್ವಿಂಗ್ ಎಂಬ ಸಂಗೀತ. ಹಳ್ಳಿಯ ಪಿಟೀಲು ಪಟ್ಟಣದ ಜಾಜನ್ನು ಕಟ್ಟಿಕೊಂಡು ಹೆತ್ತ ಕೂಸು, ಕುಣಿಯುವವರಿಗಾಗಿಯೇ ಹುಟ್ಟಿದ್ದು. ಇವರ ಬ್ಯಾಂಡಿನ ಹೆಸರು ಪ್ರೇರಿ ರೌಂಡರ್ಸ್.

ಜನವರಿಯಲ್ಲಿ ಮಗಳು ಇವರನ್ನು ಅಟ್ಲಾಂಟಾಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಅವಳ ಅಪಾರ್ಟ್‌ಮೆಂಟಿನಲ್ಲಿ ವಾದ್ಯ ನುಡಿಸಲು ಅನುಮತಿಯಿಲ್ಲ. ಎಡಗೈ ಬೆರಳುಗಳು ಬೇರೆ ಮರಗಟ್ಟುತ್ತಿವೆ. ಹೋಗುವ ಮೊದಲು ಒಮ್ಮೆ, ಜನರೆದುರು, ಡ್ರಮ್ಮನ್ನು ಎಲ್ಲರಿಗೂ ಕಾಣುವ ಹಾಗೆ ನಡುವೆ ಕೂರಿಸಿ ಬ್ಯಾಂಡು ನಡೆಸಬೇಕು. ಇದು ಅವರ ಒಂದೇ ಆಸೆ. ಡ್ರಮ್ಮೇ ಯಾಕೆ ಎಂಬುದು ದೊಡ್ಡ ಕಥೆ, ಮುಂದೆ ಬರೆಯುತ್ತೇನೆ. ಇಲ್ಲಿಯ ಬ್ಲೂಗ್ರಾಸ್ ಎಂಬ ಹಳ್ಳಿ ಸಂಗೀತದವರನ್ನು ಕೇಳಿದೆವು. "ಡ್ರಮ್ ಇದ್ದರೆ ಅದು ಸಂಗೀತವಲ್ಲ" ಎಂದರು. ಮಡಿ ಎಂಬುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ಈಗ ಅವರ ಡ್ರಮ್ಮು ಶೇಷಾದ್ರಿ ಅಂಕಲ್ ಅವರ ಮೃದಂಗವೇ. ನವೆಂಬರಿನ ನಿಮ್ಮ ರಾಜ್ಯೋತ್ಸವದಲ್ಲಿ ಒಂದು ಹಾಡಿನಷ್ಟು ಜಾಗ ಕೊಡು. ಒಂದೇ ಹಾಡು.

ಬಹಿಷ್ಕೃತ,
ಶರಣ

*

ಕೊಲಂಬಿಯಾ
30 ಆಗಸ್ಟ್ 1996

ಶರಣಾ,

ಕಾಗದ ತಲುಪಿತು. ಓದಿ ನಕ್ಕೆನೋ ಇಲ್ಲವೋ ಅದು ನಿನಗೆ ಬೇಡದ ವಿಷಯ.

ಯುಗಾದಿಯ ದಿನ ನಿನ್ನನ್ನು ನಿರೂಪಕ ಮಾಡಿ ಎಂದು ಸಮಿತಿಯ ಕೈಕಾಲು ಹಿಡಿದವಳು ನಾನು. "ನನ್ನ ತಮ್ಮ, ಕನ್ನಡ ಚೆನ್ನಾಗಿದೆ" ಎಂದಿದ್ದೆ. ಆಮೇಲೆ ಸೋಮಲಿಂಗಪ್ಪ ಅಂಕಲ್ ಖಾಲಿ ಕುರ್ಚಿಗಳಿಗೆ ವಂದಿಸಿ ಭಾಷಣ ಮುಗಿಸಿದರು. ನೀನು ಅವರ ಮುಖ ನೋಡಲಿಲ್ಲ, ಆಗಲೇ ಊಟದ ಸಾಲಿನಲ್ಲಿದ್ದೆ. ನಾನು ನೋಡಿದೆ.

ನಿನ್ನ ಮುದುಕರ ವಿಷಯ ಸಮಿತಿಯ ಮುಂದಿಡುತ್ತೇನೆ. ಷರತ್ತು ಇದು: ಆ ದಿನ ನೀನು ಮೈಕ್ ಮುಟ್ಟಬಾರದು. ಹತ್ತಿರ ಹೋಗಬಾರದು. ಬೇರೆ ಯಾರ ಕೈಯಲ್ಲೂ ಏನನ್ನೂ ಹೇಳಿಸಬಾರದು. ಅಪ್ಪನ ಹೆಸರಿನಲ್ಲಿ ಮಾತು ಕೊಡು. ಶೇಷಾದ್ರಿ ಅಂಕಲ್ ದೊಡ್ಡ ಮನುಷ್ಯರು, ಅವರನ್ನು ನಿನ್ನ ತಮಾಷೆಗೆ ಎಳೆಯಬೇಡ.

ಈ ಮುದುಕರು ನಿಜವಾಗಿಯೂ ಇದ್ದಾರೆ ತಾನೆ?

ಗಂಗಾ

*

ಏಪೆಕ್ಸ್
15 ಸೆಪ್ಟೆಂಬರ್ 1996

ಸಮಿತಿಗಳ ಕಲ್ಪವೃಕ್ಷವಾದ ಅಕ್ಕನವರಿಗೆ,

ಇದ್ದಾರೆ. ಫೋಟೊ ಇಟ್ಟಿದ್ದೇನೆ, ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿರುವ ಕೋತಿಯನ್ನು ನೀನು ಗುರುತಿಸಬಲ್ಲೆ. ಮೈಕು ಮುಟ್ಟುವುದಿಲ್ಲ. ಅಪ್ಪನಾಣೆ.

ಈಗ ಚರಿತ್ರೆ. ಕೇಳುವಾಗ ಮೂಗು ಮುಚ್ಚಿಕೊಳ್ಳಬೇಕಾಗಬಹುದು.

ಪಿಕೆಟ್ ಹುಟ್ಟಿದ್ದು ಇದೇ ಕೆರೊಲಿನಾದ ನೂಲಿನ ಗಿರಣಿಯ ಊರಿನಲ್ಲಿ. ಗಿರಣಿಯ ಸಿಳ್ಳೆಗೆ ಏಳುವುದು, ಹತ್ತಿಯ ಧೂಳಿನಲ್ಲಿ ಕೆಮ್ಮುವುದು, ಎಲ್ಲ ನಮ್ಮ ದಾವಣಗೆರೆಯ ಹಾಗೆಯೇ, ಮಂಡಕ್ಕಿ ಮಿರ್ಚಿ ಮಾತ್ರ ಇಲ್ಲ. ಗಿರಣಿಗಳು ಮುಚ್ಚುತ್ತಿದ್ದ ಕಾಲದಲ್ಲಿ ಗೂಡ್ಸ್ ರೈಲು ಹತ್ತಿ ಟೆಕ್ಸಸ್ಸಿಗೆ ಹೋದರು. ಒಂದು ರೇಡಿಯೊ ಕೇಂದ್ರದಲ್ಲಿ ಮಧ್ಯಾಹ್ನದ ಕಾರ್ಯಕ್ರಮ ಸಿಕ್ಕಿತು. ಪ್ರಾಯೋಜಕರು ಯಾರು ಗೊತ್ತೇ? ಹಂದಿಯ ಕೊಬ್ಬನ್ನು ಡಬ್ಬಿಯಲ್ಲಿ ಮಾರುವ ಕಂಪನಿ. ಪ್ರತಿ ಹಾಡಿನ ನಡುವೆ ಪಿಟೀಲು ಕೆಳಗಿಟ್ಟು ಆ ಕೊಬ್ಬಿನ ಬಿಳುಪು, ಮೃದುತ್ವ ಮತ್ತು ಸುವಾಸನೆಯನ್ನು ಹೊಗಳಬೇಕಿತ್ತು. ಗುರುವಾರಗಳಂದು ಕೇಳುಗರ ಎದುರೇ ಒಂದು ಚಮಚ ತಿನ್ನಬೇಕಿತ್ತು. "ಹಸಿಯಾಗಿ?" ಎಂದು ಕೇಳಿದೆ. "ನಗುತ್ತಾ" ಎಂದರು. ಲಿಂಗವಂತರ ಮನೆಯಲ್ಲಿ ಹುಟ್ಟಿ ಇದನ್ನು ನನ್ನ ಕೈಯಾರೆ ಬರೆಯಬೇಕಾಯಿತು. ಕ್ಷಮಿಸು.

ಜೊತೆಗೆ ಕೌಬಾಯ್ ಟೋಪಿ. ಜೀವಮಾನದಲ್ಲಿ ಕುದುರೆ ಹತ್ತದ ಗಿರಣಿ ಹುಡುಗ ಹತ್ತು ವರ್ಷ ಟೋಪಿ, ಬೂಟು, ಬೆಳ್ಳಿಯ ಬಕಲ್ಲು ಹಾಕಿಕೊಂಡು ನಿಂತ. ಕುಣಿಯುವ ಸಭಾಂಗಣಗಳು ಮಾತ್ರ ಕಿಕ್ಕಿರಿದವು. ಎರಡು ಪಿಟೀಲು, ಗಿಟಾರು, ಪಿಯಾನೊ, ತುತ್ತೂರಿ. ಕೊನೆಗೆ ಯಾರೂ ಮಾಡದಿದ್ದದ್ದನ್ನು ಮಾಡಿದರು, ಬಡ್ ಎಂಬ ಡ್ರಮ್ಮರನ್ನು ತಂದು ನಟ್ಟನಡುವೆ ಕೂರಿಸಿದರು.

ಬ್ಯಾಂಡಿನ ಯಜಮಾನನ ನಿಜವಾದ ಕೆಲಸ ಪಿಟೀಲು ನುಡಿಸುವುದಲ್ಲವಂತೆ. ಹಾಡು ನಡೆಯುತ್ತಿರುವಾಗಲೇ ಒಬ್ಬೊಬ್ಬರ ಹೆಸರು ಹಿಡಿದು ಕರೆಯುವುದು. ಕರೆಸಿಕೊಂಡವರು ಒಂದು ಸುತ್ತು ತಮ್ಮ ಕೈಚಳಕ ತೋರಿಸಿ ಮುಂದಿನವರಿಗೆ ಬಿಟ್ಟುಕೊಡಬೇಕು. ಯಾರಿಗೆ ಯಾವಾಗ ಎಂಬುದು ಯಜಮಾನನ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ಕೇಳದೆ ನುಗ್ಗಿದವನಿಗೆ ಅಂದೇ ಕೆಲಸದಿಂದ ಬಿಡುಗಡೆ.

ಆಮೇಲೆ ಪೂರ್ವದ ಒಂದು ಹೆಸರಾಂತ ರೇಡಿಯೊ ಸಭಾಂಗಣದಿಂದ ಕರೆ ಬಂತು. ಅಲ್ಲಿ ನುಡಿಸಿದರೆ ಇಡೀ ದೇಶ ಕೇಳುತ್ತದೆ. ಬಾಗಿಲಲ್ಲಿ ಮ್ಯಾನೇಜರು ಹೇಳಿದ: ಇಲ್ಲಿ ಡ್ರಮ್ ತೋರಿಸುವ ಪದ್ಧತಿಯಿಲ್ಲ, ನಿಮ್ಮವನನ್ನು ಪರದೆಯ ಹಿಂದೆ ಕೂರಿಸಿ. ಪಿಕೆಟ್ ಇಡೀ ಬ್ಯಾಂಡನ್ನು ಕರೆದುಕೊಂಡು ಹೊರನಡೆದರು. ಕೊಬ್ಬಿನ ಕಂಪನಿ ಅದೇ ತಿಂಗಳು ಕೈಬಿಟ್ಟಿತು, ಬ್ಯಾಂಡು ಚೆದುರಿತು, ಟೋಪಿ ಬಿಟ್ಟು ಊರಿಗೆ ಬಂದು ಹೊಲಿಗೆ ಯಂತ್ರ ಹಿಡಿದರು.

ಹಂದಿ ಕೊಬ್ಬು ನುಂಗಿದ ಮನುಷ್ಯ ಆ ಪರದೆಯನ್ನು ನುಂಗಲಿಲ್ಲ. ತಮಾಷೆ ಮಾಡುತ್ತಿಲ್ಲ ಅಕ್ಕಾ.

ಅಭ್ಯಾಸ ಜೋರಾಗಿದೆ. ಶೇಷಾದ್ರಿ ಅಂಕಲ್ ಅವರ ಹೆಂಡತಿ ರಾಜಲಕ್ಷ್ಮಿ ಆಂಟಿ ಎರಡನೇ ಪಿಟೀಲು. ಅವರು ನೆಲದ ಮೇಲೆ ಕೂತು, ಇವರು ನಿಂತು. ಇಬ್ಬರ ಬಿಲ್ಲೂ ಒಟ್ಟಿಗೆ ಎದ್ದಾಗ ಗ್ಯಾರೇಜಿನ ಬಾಗಿಲು ನಡುಗುತ್ತದೆ. ನನ್ನ ಕ್ಲಾಸಿನ ಪ್ರಶಾಂತ್ ಗಿಟಾರು. ನನಗೆ ಏನೂ ಬಾರದ ಕಾರಣ ಕಾಫಿ ಖಾತೆ.

ವಿಶ್ವಾಸಕ್ಕೆ ಅರ್ಹನಾಗಲು ಹೆಣಗುತ್ತಿರುವ,
ಶರಣ

*

ಕೊಲಂಬಿಯಾ
20 ಅಕ್ಟೋಬರ್ 1996

ಶರಣಾ,

ಸಮಿತಿ ಒಪ್ಪಿತು. ಒಪ್ಪಿದ ರೀತಿಯನ್ನು ಹೇಳಬೇಕು, ಕೂಗಾಡಬೇಡ.

ಅಮೆರಿಕದ ಹಿರಿಯ ಕಲಾವಿದರು ಎಂದ ಕೂಡಲೇ ಸೋಮಲಿಂಗಪ್ಪ ಅಂಕಲ್ ಮುಖ ಅರಳಿತು. ಅವರನ್ನೇ ಮುಖ್ಯ ಅತಿಥಿ ಮಾಡೋಣ ಎಂದರು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಫಲಕ. ನಾನು ಹೇಳಿದೆ, ಅಂಕಲ್, ಅವರು ಬರೋದು ನುಡಿಸೋಕೆ. ಅವರು ಹೇಳಿದ್ದು ಅವರ ಮಾತಿನಲ್ಲೇ ಕೇಳು: "ಚೀಫ್ ಗೆಸ್ಟ್ ಅಂದಮ್ಯಾಲ ಅವರು ಬಾರಿಸೂದೇನವಾ? ಗುಡಿಯೊಳಗ ದೇವರು ತಾನ ಗಂಟಿ ಬಾರಸ್ತಾನೇನು?"

ಎಲ್ಲರೂ ತಲೆಯಾಡಿಸಿದರು. ಕೊನೆಗೆ ಹೇಗೋ ಒಪ್ಪಿಸಿದೆ. ಸನ್ಮಾನ ಮುಗಿದ ಮೇಲೆ ಒಂದು ಹಾಡು. ರಾಕ್‌ವಿಲ್ಲಿನ ಶಾಲೆಯ ಸಭಾಂಗಣ, ನವೆಂಬರ್ ಒಂಬತ್ತು, ಶನಿವಾರ. ಮೃದಂಗ ನಡುವೆ ಎಂದು ಬರೆದುಕೊಂಡಿದ್ದೇನೆ. ವೇದಿಕೆ ಚಿಕ್ಕದು, ಪದಾಧಿಕಾರಿಗಳ ಕುರ್ಚಿಗಳಿರುತ್ತವೆ. ಆ ಹೊತ್ತಿಗೆ ಸರಿಸಬಹುದು.

ಪರಿಚಯ ಭಾಷಣಕ್ಕೆ ಅವರ ವೃತ್ತಿಜೀವನದ ವಿವರ ಕೇಳಿದ್ದಾರೆ. ಹಂದಿಯ ವಿಷಯ ನಾನು ಹೇಳಿಲ್ಲ. ನೀನೂ ಹೇಳಬೇಡ.

ಇನ್ನೊಂದು. ಫೆಬ್ರವರಿಯಲ್ಲಿ ನೀನು ಮಾವನಾಗುತ್ತೀಯ. ಅಮ್ಮನಿಗೆ ಆಗಲೇ ಹೇಳಿದ್ದೇನೆ, ನಿನಗೆ ಹೇಳಲು ಇಷ್ಟು ದಿನ ಮನಸ್ಸಾಗಿರಲಿಲ್ಲ.

ಗಂಗಾ

*

ಏಪೆಕ್ಸ್
12 ನವೆಂಬರ್ 1996

ಅಕ್ಕಾ,

ಬಿರುದಾವಳಿ ಇಲ್ಲ ಇವತ್ತು. ನನ್ನ ಬಾಯಿಯೆಲ್ಲ ಕಹಿಯಾಗಿದೆ.

ನೀನು ಅಡುಗೆಯವರ ಹಿಂದೆ ಓಡಾಡುತ್ತಿದ್ದೆ, ಎಲ್ಲವನ್ನೂ ನೋಡಿರಲಿಕ್ಕಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ.

ಮುದುಕರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಪೇಟ ಇಟ್ಟರು, ಅದು ಕಣ್ಣಿನ ಮೇಲೆ ಜಾರಿತು. ಇದೂ ಒಂದು ಕೌಬಾಯ್ ಟೋಪಿ ಎಂಬ ಮುಖದಲ್ಲಿ ಕೂತಿದ್ದರು. ಶಾಲು ಹೊದಿಸಿ ಎರಡೂ ತೋಳು ಕಟ್ಟಿದರು. ಮಡಿಲಲ್ಲಿ ಹಳದಿ ಜಿಲೆಟಿನ್ ಕಾಗದ ಸುತ್ತಿದ ಹಣ್ಣಿನ ಬುಟ್ಟಿ, ಅದರ ಮೇಲೆ ಅನಾನಸು, ಅನಾನಸಿನ ಮೇಲೆ ಫಲಕ. ಆಮೇಲೆ ಭಾಷಣಗಳು. ಸೋಮಲಿಂಗಪ್ಪ ಅಂಕಲ್ ಅವರನ್ನು "ಟೆಕ್ಸಾಸಿನ ಆಹಾರೋದ್ಯಮಕ್ಕೆ ಸಂಗೀತದ ಮೂಲಕ ಅಪಾರ ಸೇವೆ ಸಲ್ಲಿಸಿದ ಮಹನೀಯರು" ಎಂದರು. ಒಬ್ಬೊಬ್ಬರು ಎದ್ದು ತಾವು ಚಿಕ್ಕಂದಿನಲ್ಲಿ ಕೇಳಿದ ಸಂಗೀತ ಕಛೇರಿಗಳ ಬಗ್ಗೆ ಮಾತಾಡಿದರು. ಆ ಹೊತ್ತಿನಲ್ಲೆಲ್ಲ ಮುದುಕರ ಎಡಗೈ ಬೆರಳುಗಳು ಅನಾನಸಿನ ಕೆಳಗೆ ತಣ್ಣಗಾಗುತ್ತಿದ್ದವು. ನಾನು ಅದನ್ನೇ ನೋಡುತ್ತಿದ್ದೆ.

ಕೊನೆಗೆ ಹಾಡಿನ ಸರದಿ ಬಂತು. ಕುರ್ಚಿಗಳು ಅಲುಗಲಿಲ್ಲ. "ಅಧ್ಯಕ್ಷರು ಎದ್ರೆ ಸಭೆಗೆ ಅಗೌರವ" ಎಂದು ಯಾರೋ ಹೇಳಿದರು. ಜಾಗ ಎಲ್ಲಿ ಎಂದು ಹುಡುಕಿದರು. ಭುವನೇಶ್ವರಿಯ ಬ್ಯಾನರಿನ ಹಿಂದೆ ಸ್ವಲ್ಪ ಜಾಗವಿತ್ತು. ಶೇಷಾದ್ರಿ ಅಂಕಲ್ಲನ್ನು ಯಾರೂ ತಳ್ಳಲಿಲ್ಲ ಅಕ್ಕಾ. ಅವರೇ ಮೃದಂಗ ಎತ್ತಿಕೊಂಡು ಹೋದರು. "ಪರವಾಗಿಲ್ಲ ಬಿಡಿ, ಎಲ್ಲಿ ಕೂತ್ರೂ ನಾದ ಕೇಳುತ್ತಲ್ಲ" ಎಂದು ನಗುತ್ತಾ ಹೋದರು. ಪೇಪರ್ ತಟ್ಟೆಗಳ ಪೆಟ್ಟಿಗೆ ಮತ್ತು ಕಸದ ಡಬ್ಬಿಯ ನಡುವೆ ಪದ್ಮಾಸನ ಹಾಕಿದರು.

ಪಿಕೆಟ್ ಹಣ್ಣುಗಳಿಂದ ಬಿಡಿಸಿಕೊಂಡು ಪಿಟೀಲು ಎತ್ತಿದರು. ಶ್ರುತಿ ನೋಡಲು ಅಂಕಲ್ ಹಾಕಿದ ಒಂದು ಪೆಟ್ಟು ಬಟ್ಟೆಯ ಹಿಂದಿನಿಂದ ಬಂತು. ಮುದುಕರು ತಿರುಗಿದರು. ಬಿಲ್ಲಿನ ತುದಿಯಿಂದ ಬ್ಯಾನರಿನ ಅಂಚನ್ನು ಎತ್ತಿ ನೋಡಿದರು. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಪೇಟದ ಸಮೇತ ಮೆಟ್ಟಿಲಿಳಿದು ಹೊರಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಸ್ತಾಗಿದ್ದಾರೆ ಎಂದುಕೊಂಡು ವಂದನಾರ್ಪಣೆಯನ್ನೇ ಶುರು ಮಾಡಿದರು.

ಮೈಕು ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಅಪ್ಪನ ಮೇಲೆ ಆಣೆಯಿತ್ತು. ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಸಭ್ಯನಾಗಿದ್ದೆ, ಅದರ ರುಚಿ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ವಾಪಸು ಬರುವಾಗ ನಮ್ಮ ವ್ಯಾನು ರಿಚ್ಮಂಡ್ ದಾಟಿತು. ಆಮೇಲೆ ಶೇಷಾದ್ರಿ ಅಂಕಲ್ ಮೆಲ್ಲಗೆ, ಮಿಸ್ಟರ್ ಪಿಕೆಟ್, ನನಗೇನೂ ಬೇಜಾರಿರಲಿಲ್ಲ, ಅಲ್ಲೇ ಕೂತು ನುಡಿಸುತ್ತಿದ್ದೆ ಎಂದರು.

"ಬಡ್ ಕೂಡ ಇದನ್ನೇ ಹೇಳಿದ" ಎಂದರು ಮುದುಕರು. "ಹೊರಗೆ ಬಂದ ಮೇಲೆ ಬೀದಿಯಲ್ಲಿ ನಿಂತು ಬೈದ. ನಾನು ಪರದೆಯ ಹಿಂದೆ ಕೂರುತ್ತಿದ್ದೆ, ನನಗೆ ಮಕ್ಕಳಿದ್ದಾರೆ ಅಂದ."

"ಹೊರಡುವ ಮೊದಲು ನೀವು ಅವನನ್ನು ಕೇಳಲಿಲ್ಲವಾ?" ಎಂದೆ.

"ಬ್ಯಾಂಡಿನ ಯಜಮಾನ ಕೇಳುವುದಿಲ್ಲ" ಎಂದರು.

ಆಗ ನನಗೆ ಅವರ ಮೇಲೂ ಅಸಹ್ಯ ಹುಟ್ಟಿತು. ಯಾರ ಮೇಲೆ ಹುಟ್ಟಬಾರದಿತ್ತೋ ಅವರ ಮೇಲೆಯೇ. ಅಲ್ಲಿಯವರೆಗೆ ಕಿಟಕಿ ಕಡೆ ಮುಖ ಮಾಡಿದ್ದ ರಾಜಲಕ್ಷ್ಮಿ ಆಂಟಿ ಗಂಡನ ಕಡೆ ತಿರುಗಿದರು. "ಬೇಜಾರಾಗಬೇಕಿತ್ತು ರೀ ನಿಮಗೆ. ಪಕ್ಕವಾದ್ಯ ಪಕ್ಕವಾದ್ಯ ಅಂತ ಕಂಡಕಂಡೋರ ಪಕ್ಕದಲ್ಲಿ ಕೂತು ಕೂತು, ಈಗ ಪಕ್ಕಾನೂ ಹೋಗಿ ಕಸದ ಡಬ್ಬಿ ಹಿಂದೆ ಬಂದ್ರಿ. ಅಲ್ಲೂ ನಗ್ತಾ ಕೂತ್ರಲ್ಲ, ಅದು ನಂಗೆ ಹೇಸಿಗೆ ಆಯ್ತು."

ಅಂಕಲ್ ಮೃದಂಗದ ಚೀಲದ ದಾರವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದರು.

ಅನಾನಸು ಈಗ ನಮ್ಮ ಅಡುಗೆಮನೆಯಲ್ಲಿದೆ. ಯಾರೂ ಮುಟ್ಟುತ್ತಿಲ್ಲ.

ಶರಣ

*

ಕೊಲಂಬಿಯಾ
3 ಡಿಸೆಂಬರ್ 1996

ಶರಣಾ,

ಕುರ್ಚಿಗಳನ್ನು ತೆಗೆಸಬಹುದಿತ್ತು. ನಾನು ತೆಗೆಸಲಿಲ್ಲ. ಅದರ ಬಗ್ಗೆ ಇಷ್ಟೇ.

ಹೋದ ವಾರ ಸಮಿತಿಯ ಸಭೆ ನಮ್ಮ ಬೇಸ್‌ಮೆಂಟಿನಲ್ಲಿ ನಡೆಯಿತು. ವರದಿಯಲ್ಲಿ "ಮುಖ್ಯ ಅತಿಥಿಗಳು ವಯೋಸಹಜ ದಣಿವಿನಿಂದ ಬೇಗ ನಿರ್ಗಮಿಸಿದರು" ಎಂದು ಹಾಕಲು ಸೋಮಲಿಂಗಪ್ಪ ಅಂಕಲ್ ಹೇಳಿದರು. ಟೈಪ್ ಮಾಡಿದೆ. "ಸಭಿಕರು ಗಾನಸುಧೆಯಲ್ಲಿ ಮಿಂದರು" ಎಂಬುದನ್ನೂ ಸೇರಿಸಲು ಹೇಳಿದರು. ಯಾವ ಗಾನ ಎಂದು ಕೇಳಿದೆ. "ಬರೀವಾ, ಯಾರು ನೋಡ್ತಾರ" ಎಂದರು. ಅದನ್ನೂ ಟೈಪ್ ಮಾಡಿ, ಎದ್ದು ಹೋಗಿ ವಾಂತಿ ಮಾಡಿಕೊಂಡೆ. ಬಸುರಿಯ ವಾಂತಿ ಎಂದು ಎಲ್ಲರೂ ಮರುಗಿದರು, ಒಬ್ಬರು ನಿಂಬೆಹಣ್ಣು ತಂದುಕೊಟ್ಟರು. ವಾಪಸು ಬಂದು ಎರಡೂ ವಾಕ್ಯ ಅಳಿಸಿ, ಮೃದಂಗವನ್ನು ಬ್ಯಾನರಿನ ಹಿಂದೆ ಕೂರಿಸಿದ ಕಾರಣ ಅತಿಥಿಗಳು ನುಡಿಸದೆ ಹೊರಟುಹೋದರು ಎಂದು ಬರೆದು ಗಟ್ಟಿಯಾಗಿ ಓದಿದೆ. ಹೊಸ ವರ್ಷಕ್ಕೆ ಸಂಘಕ್ಕೆ ಹೊಸ ಕಾರ್ಯದರ್ಶಿ ಬರುತ್ತಾರೆ. ಬೇಸ್‌ಮೆಂಟೂ ಬೇರೆ ನೋಡಿಕೊಳ್ಳುತ್ತಾರೆ.

ಮುದುಕರು ಹೊರಡುವ ಮೊದಲು ಅಲ್ಲೇ ಯಾರ ಮನೆಯಲ್ಲಾದರೂ ಮಾಡಿ. ವೇದಿಕೆ ಬೇಡ, ಸಂಘ ಬೇಡ, ಹಣ್ಣು ಬೇಡ. ರಾಜಲಕ್ಷ್ಮಿ ಆಂಟಿಯ ಜೊತೆ ಮಾತಾಡಿದ್ದೇನೆ, ಅವರ ಪರಿಚಯದ ಕಾತ್ಯಾಯಿನಿ ಎನ್ನುವವರ ಮನೆಯಲ್ಲಿ ದೊಡ್ಡ ಹಾಲ್ ಇದೆಯಂತೆ. ಶೇಷಾದ್ರಿ ಅಂಕಲ್ ಮೊದಲು, "ನಂಗೆ ನಡುವೆ ಕೂತ್ಕೊಂಡ್ರೆ ಕೈ ಓಡಲ್ಲಮ್ಮ" ಎಂದರು. ಕೂರದಿದ್ದರೆ ನನ್ನ ಮಗುವಿನ ನಾಮಕರಣಕ್ಕೆ ಬರಬೇಡಿ ಎಂದೆ. ಒಪ್ಪಿದರು.

ಅಷ್ಟು ದೂರ ಕಾರಿನಲ್ಲಿ ಕೂರಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಏನಾಯಿತೆಂದು ಬರಿ. ಫೋನ್ ಬೇಡ. ಓದಬೇಕು ನನಗೆ.

ಗಂಗಾ

*

ಏಪೆಕ್ಸ್
20 ಜನವರಿ 1997

ಪೀಠತ್ಯಾಗ ಮಾಡಿ ಲೋಕದಲ್ಲಿ ಇನ್ನಷ್ಟು ಎತ್ತರಕ್ಕೆ ಏರಿದ, ಶೀಘ್ರದಲ್ಲೇ ಮಾತೃಪೀಠ ಏರಲಿರುವ ಅಕ್ಕನವರಿಗೆ,

ಅಮೆರಿಕದಲ್ಲಿ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವುದು ಭಾನುವಾರ ಮಾತ್ರ. ಆದ್ದರಿಂದ ನಿನ್ನೆ ನಮ್ಮ ಸಂಕ್ರಾಂತಿ. ಕಾತ್ಯಾಯಿನಿ ಆಂಟಿ ಮನೆಯ ಹಾಲಿನಲ್ಲಿ ಸೋಫಾಗಳನ್ನು ಗೋಡೆಗೆ ನೂಕಿ, ನಡುವೆ ಕಾಫಿ ಟೇಬಲ್ ಇಟ್ಟು, ಅದರ ಮೇಲೆ ಜಮಖಾನ ಹಾಸಿ, ಶೇಷಾದ್ರಿ ಅಂಕಲ್ಲನ್ನು ಉತ್ಸವಮೂರ್ತಿಯ ಹಾಗೆ ಏರಿಸಿ ಕೂರಿಸಿದೆವು. ಹಾಲಿನ ಯಾವ ಮೂಲೆಯಿಂದ ನೋಡಿದರೂ ಅಂಕಲ್ಲೇ. ಸುತ್ತ ಎಳ್ಳು ಬೀರಲು ಬಂದ ಹೆಂಗಸರು, ಎಳ್ಳು ತಿನ್ನಲು ಬಂದ ಗಂಡಸರು, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು.

ಪಿಕೆಟ್ ಬರಿತಲೆಯಲ್ಲಿ ಬಂದರು. ಅಂಕಲ್ಲನ್ನು ನೋಡಿದರು, ಟೇಬಲ್ಲನ್ನು ಸ್ವಲ್ಪ ಮುಂದಕ್ಕೆ ಎಳೆಸಿದರು. ಆಮೇಲೆ, ಅಕ್ಕಾ, ಅವರು ಒಂದು ಪ್ರಶ್ನೆ ಕೇಳಿದರು. "ಮಿಸ್ಟರ್ ಶೇಷ್, ಇಲ್ಲಿ ಕೂರುವುದು ನಿಮಗೆ ಒಪ್ಪಿಗೆಯೇ?" ಅಂಕಲ್ ಗಾಬರಿಯಿಂದ ಹೆಂಡತಿಯ ಮುಖ ನೋಡಿ, ಒಪ್ಪಿಗೆ ಎಂದರು. ಯಜಮಾನ ಕೇಳುವುದಿಲ್ಲ ಎಂದಿದ್ದ ಬಾಯಿ ಅದು. ನಾನು ಏನೂ ತೋರಿಸಿಕೊಳ್ಳದೆ ಕಾಫಿ ಲೋಟ ಎಣಿಸುವವನ ಹಾಗೆ ನಿಂತೆ.

ಶುರುವಾಯಿತು. ಬೆರಳುಗಳು ಅಲ್ಲಲ್ಲಿ ಜಾರಿದವು, ಜಾರಿದ ಕಡೆಯೆಲ್ಲ ಆಂಟಿಯ ಪಿಟೀಲು ಹಿಡಿದುಕೊಂಡಿತು. ನಿಧಿ ಎಂಬ ಚಿಕ್ಕ ಹುಡುಗಿ ಎದ್ದು ಕುಣಿದಳು, ಅವಳನ್ನು ಕೂರಿಸಲು ಹೋದ ತಾಯಿಯೂ ಎರಡು ಹೆಜ್ಜೆ ಹಾಕಿಬಿಟ್ಟರು. ಮುದುಕರು ಬಿಲ್ಲೆತ್ತಿ ಕರೆಯತೊಡಗಿದರು. "ಮಿಸೆಸ್ ರಾಜ್!" ಆಂಟಿ ಒಂದು ಸುತ್ತು ನುಡಿಸಿ ಬಿಟ್ಟುಕೊಟ್ಟರು. ಪ್ರಶಾಂತನನ್ನು ಕರೆದರು. ಅವನೂ ಒಂದು ಸುತ್ತು. ಆಮೇಲೆ ಎದೆಯುಬ್ಬಿಸಿ, ಅರ್ಧ ಶತಮಾನದಿಂದ ಗಂಟಲಲ್ಲಿಟ್ಟುಕೊಂಡಿದ್ದ ಕರೆಯನ್ನು ಹೊರಗೆ ಬಿಟ್ಟರು: "ಮಿಸ್ಟರ್ ಶೇಷ್!"

ಮೊದಲ ಸುತ್ತು ಅದ್ಭುತ. ಎರಡನೆಯದು ಇನ್ನೂ ಚೆನ್ನ. ಅಲ್ಲಿಗೆ ಅಂಕಲ್ ಕಣ್ಣು ಮುಚ್ಚಿಕೊಂಡರು.

ನಿನಗೆ ಗೊತ್ತೇ ಇದೆ, ಮೃದಂಗದವನಿಗೆ ಒಬ್ಬನೇ ನುಡಿಸುವ ತನಿ ಸಿಕ್ಕಿತೆಂದರೆ ಅದು ಅವನ ಮನೆ ಆಸ್ತಿ. ತಾಳದ ನಡೆ ಬದಲಾಯಿಸಿದರು. ನಿಧಾನಕ್ಕೆ ಇಳಿದರು, ಮತ್ತೆ ಕಟ್ಟಿದರು. ನಮ್ಮ ಜನ ಒಳ್ಳೆಯ ಸಭೆಯ ಹಾಗೆ ತೊಡೆಯ ಮೇಲೆ ತಾಳ ಹಾಕುತ್ತಾ "ಭೇಷ್" ಅಂದರು, ಅದು ಉರಿಯುವ ಬೆಂಕಿಗೆ ತುಪ್ಪವಾಯಿತು. ಪಿಕೆಟ್ ಒಳಗೆ ಬರಲು ಬಿಲ್ಲೆತ್ತಿದರು, ಇಳಿಸಿದರು, ಎತ್ತಿದರು, ಇಳಿಸಿದರು. "ಮಿಸೆಸ್ ರಾಜ್!" ಎಂದು ಕೂಗಿದರು. ಆಂಟಿ ನನ್ನ ಕಿವಿಯಲ್ಲಿ, "ತನಿ ಮಧ್ಯೆ ಹೇಗೋ ನುಗ್ಗೋದು, ಪಾಪ ಬರುತ್ತೆ" ಎಂದು ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ತಾವೂ ತಾಳ ಹಾಕತೊಡಗಿದರು. ಯಾರೋ ಮುದುಕರಿಗೆ ಕುರ್ಚಿ ಕೊಟ್ಟರು. ಕೂತರು. ಸಕ್ಕರೆ ಅಚ್ಚಿನ ಆನೆ ಕೊಟ್ಟರು. ಅದರ ಸೊಂಡಿಲಿನಿಂದ ತಿನ್ನಲು ಶುರುಮಾಡಿ ಬಾಲದವರೆಗೆ ತಿಂದರು. ಮೃದಂಗ ನಡೆದೇ ಇತ್ತು. ಅವರ ಮುಖದಲ್ಲಿದ್ದ ಜಿಗುಪ್ಸೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಬ್ಬು ತಿನ್ನುವಾಗಲಾದರೂ ನಗುತ್ತಿದ್ದರಂತೆ.

ಅಂಕಲ್ ಮೂರು ಸಲ ಗುಡುಗಿಸಿ ಮುಗಿಸಿದಾಗ ಇಡೀ ಹಾಲ್ ಚಪ್ಪಾಳೆಯಿಂದ ಬಿದ್ದುಹೋಗುವಂತಾಯಿತು. ಬೆವರು ಒರೆಸಿಕೊಂಡು ಕಣ್ಣು ತೆರೆದರು. ಎದುರಿಗೆ ಪಿಕೆಟ್ ನಿಂತಿದ್ದರು.

"ಮಿಸ್ಟರ್ ಶೇಷಾದ್ರಿ" ಎಂದರು, ಪೂರ್ತಿ ಹೆಸರು ಹಿಡಿದು, ಒಂದಕ್ಷರ ತಪ್ಪದೆ. "ಒಂದು ಸುತ್ತು ಎಂದಿದ್ದೆ. ನಿಮ್ಮನ್ನು ಕೆಲಸದಿಂದ ತೆಗೆದಿದ್ದೇನೆ."

ನಾನು ನಗಬೇಕೋ ಬೇಡವೋ ತಿಳಿಯದೆ ಭಾವಿ ಮಾವನಿಗೆ ತಕ್ಕ ಗಾಂಭೀರ್ಯ ತಾಳಿದೆ. ಮುದುಕರು ತಿರುಗಿ ಆಂಟಿಗೂ ಪ್ರಶಾಂತನಿಗೂ ಸನ್ನೆ ಮಾಡಿ ಕೊನೆಯ ಸುತ್ತು ಶುರುಮಾಡಿದರು. ಅದನ್ನು ಡ್ರಮ್ಮಿಲ್ಲದೆ, ನಿಂತುಕೊಂಡೇ, ಪೂರ್ತಿ ಮುಗಿಸಿದರು. ಕೆಲಸ ಹೋದ ಡ್ರಮ್ಮರನ್ನು ಕೆಳಗಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವರು ಕೈ ಕಟ್ಟಿಕೊಂಡು, ಎಲ್ಲರ ಕಣ್ಣಿಗೂ ಕಾಣುವ ಹಾಗೆ, ನಡುವೆಯೇ ಕೂತಿದ್ದರು.

ಇವತ್ತು ಬೆಳಿಗ್ಗೆ ಮಗಳು ಬಂದು ಪಿಕೆಟ್ಟರನ್ನು ಅಟ್ಲಾಂಟಾಕ್ಕೆ ಕರೆದೊಯ್ದಳು. ಪಿಟೀಲನ್ನು ಆಂಟಿಗೆ ಕೊಟ್ಟರು. ಅಂಕಲ್ಲಿಗೆ ಕೈಕುಲುಕಿ, ತೀರ್ಮಾನ ಬದಲಾಗುವುದಿಲ್ಲ ಎಂದರು.

ಸಂಜೆ ಶೇಷಾದ್ರಿ ಅಂಕಲ್ ಮನೆಗೆ ಹೋಗಿದ್ದೆ. ದುಃಖದಲ್ಲಿರಬಹುದು, ಸಮಾಧಾನ ಹೇಳೋಣ ಎಂದು ಮುಖ ಜೋಲು ಹಾಕಿಕೊಂಡು ಹೋದೆ. ಅವರು ಮೈಸೂರಿನ ಅಣ್ಣನಿಗೆ ಫೋನ್ ಹಚ್ಚಿದ್ದರು, ಲೈನು ಸರಿಯಿರಲಿಲ್ಲ, ಹಬ್ಬದ ಹುರುಪಿನಲ್ಲಿ ಕಿರುಚಿ ಮಾತಾಡುತ್ತಿದ್ದರು.

"ಹೂಂ ಕಣಣ್ಣ, ತೆಗೆದು ಹಾಕ್ಬಿಟ್ರು. ಇಲ್ಲ, ಆಫೀಸಿಂದ ಅಲ್ಲ, ಬ್ಯಾಂಡಿಂದ. ಅಯ್ಯೋ, ಎಲ್ರ ಎದುರಿಗೇ. ನಾನು ಜಾಸ್ತಿ ನುಡಿಸಿಬಿಟ್ನಂತೆ."

ಅತ್ತ ಅಣ್ಣನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಅಂಕಲ್ ಮತ್ತೆ ಮೊದಲಿಂದ ಶುರುಮಾಡಿದರು.

ಕಾಫಿ ಖಾತೆಯ ಮಾಜಿ ಸಚಿವ, ನಿನ್ನ ತಮ್ಮ,
ಶರಣ